ಕೇಸರಿ ಬೇಳೆಯ ಭಯ ಎಷ್ಟು ನಿಜ? ಕೋಲಾರದ ತಟ್ಟೆಯಿಂದ ಒಂದು ಲೆಕ್ಕ

ತೊಗರಿ ಬೇಳೆಯ ಬೆಲೆ ಏರಿದಾಗಲೆಲ್ಲ ಕೋಲಾರ, ಚಿಂತಾಮಣಿ, ತುಮಕೂರು ಕಡೆಯ ಮೊಬೈಲ್‌ಗಳಲ್ಲಿ ಒಂದು ಎಚ್ಚರಿಕೆ ಮತ್ತೆ ಓಡಾಡತೊಡಗುತ್ತದೆ: ಅಂಗಡಿಯ ಬೇಳೆಗೆ ಕೇಸರಿ ಬೇಳೆ ಬೆರೆಸುತ್ತಿದ್ದಾರೆ, ತಿಂದವರ ಕಾಲು ಹೋಗುತ್ತದೆ. ಜೊತೆಗೆ ಯಾವುದೋ ಊರಿನ, ಯಾವುದೋ ಕಾಲದ ಒಂದು ಚಿತ್ರ. ಕಾಲು ಹೋಗುವುದು ನಿಜ. ಆದರೆ ಯಾರ ಕಾಲು, ಎಷ್ಟು ತಿಂದರೆ, ಎಂಥ ಊಟದ ಜೊತೆ ತಿಂದರೆ ಎಂಬುದನ್ನು ಆ ಸಂದೇಶ ಹೇಳುವುದೇ ಇಲ್ಲ. ವಿಷಯದ ತಿರುಳೆಲ್ಲ ಇರುವುದು ಅಲ್ಲಿಯೇ.

ಕೇಸರಿ ಬೇಳೆ ನಮ್ಮ ನೆಲದ ಬೆಳೆಯಲ್ಲ. ಲ್ಯಾಥಿರಸ್ ಸಟೈವಸ್ ಎಂಬ ಈ ದ್ವಿದಳ ಗಿಡವನ್ನು ಛತ್ತೀಸ್‌ಗಢ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಭತ್ತ ಇನ್ನೂ ಗದ್ದೆಯಲ್ಲಿರುವಾಗಲೇ ಬೀಜ ಎರಚಿ, ಕೊಯ್ಲಾದ ಮೇಲೆ ಉಳಿದ ತೇವದಲ್ಲಿ ಬೆಳೆದುಕೊಳ್ಳುತ್ತಾರೆ. ಉಳುಮೆ ಬೇಡ, ಗೊಬ್ಬರ ಬೇಡ. ಮಳೆ ಕೈಕೊಟ್ಟರೂ ಬದುಕುತ್ತದೆ, ಗದ್ದೆಯಲ್ಲಿ ನೀರು ನಿಂತರೂ ಬದುಕುತ್ತದೆ. 100 ಗ್ರಾಂ ಕಾಳಿನಲ್ಲಿ 25 ಗ್ರಾಂಗೂ ಮೇಲ್ಪಟ್ಟು ಪ್ರೋಟೀನ್. ಬಡ ರೈತನಿಗೆ ಹೇಳಿ ಮಾಡಿಸಿದ ಗಿಡ. ತೊಂದರೆ ಹುಟ್ಟುವುದೂ ಈ ಒಳ್ಳೆಯತನದಿಂದಲೇ: ಬೇರೆಲ್ಲ ಬೆಳೆ ಒಣಗಿದ ವರ್ಷ ಇದೊಂದೇ ಉಳಿಯುತ್ತದೆ, ಆ ವರ್ಷ ಜನ ಇದನ್ನೊಂದೇ ತಿನ್ನುತ್ತಾರೆ.

ಹಾಗೆ ತಿಂಗಳುಗಟ್ಟಲೆ ತಿಂದವರಲ್ಲಿ ಕೆಲವರಿಗೆ ಕಾಲು ಭಾರವಾಗತೊಡಗುತ್ತದೆ. ಮೀನಖಂಡ ಬಿಗಿಯುತ್ತದೆ, ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ತುದಿಗಾಲಲ್ಲಿ ನಡೆಯುವಾಗ ಮೊಣಕಾಲುಗಳು ಒಂದಕ್ಕೊಂದು ಉಜ್ಜಿ ಅಡ್ಡ ಬರುತ್ತವೆ. ಸ್ಪರ್ಶಜ್ಞಾನ ಹಾಗೆಯೇ ಇರುತ್ತದೆ, ಬುದ್ಧಿಯೂ ಹಾಗೆಯೇ. ಈ ನ್ಯೂರೋಲ್ಯಾಥಿರಿಸಂ ರೋಗಿಗಳನ್ನು 1922ರಲ್ಲಿ ಆ್ಯಕ್ಟನ್ ಎಂಬ ವೈದ್ಯ ನಾಲ್ಕು ಗುಂಪು ಮಾಡಿದ: ಕೋಲಿಲ್ಲದೆ ನಡೆಯುವವರು, ಒಂದು ಕೋಲಿನವರು, ಎರಡು ಕೋಲಿನವರು, ತೆವಳುವವರು. ನೂರು ವರ್ಷದ ನಂತರವೂ ವೈದ್ಯರು ಇದೇ ವಿಂಗಡಣೆಯನ್ನು ಬಳಸುತ್ತಾರೆ. ಇದಕ್ಕಿಂತ ನೇರವಾದ ಅಳತೆಗೋಲು ಯಾರಿಗೂ ಹೊಳೆದಿಲ್ಲ. ಬೇಳೆ ಬಿಟ್ಟರೆ ರೋಗ ಅಲ್ಲಿಗೆ ನಿಲ್ಲುತ್ತದೆ, ಆದರೆ ಹಿಂದಕ್ಕೆ ಹೋಗುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಕೋಲು ಹಿಡಿದವನು ಎಪ್ಪತ್ತರವರೆಗೂ ಕೋಲು ಹಿಡಿದೇ ಬದುಕುತ್ತಾನೆ. ಹೆಚ್ಚಾಗಿ ತುತ್ತಾಗುವವರು ದುಡಿಯುವ ವಯಸ್ಸಿನ ಗಂಡಸರು.

ಇದನ್ನು ಚಲನಾ ನರಕೋಶದ (ಮೋಟಾರ್ ನ್ಯೂರಾನ್) ರೋಗಗಳ ಸಾಲಿಗೆ ಸೇರಿಸುತ್ತಾರೆ. ಅದು ಹೇಗೆ? ನಡೆ ಎಂದು ಮೆದುಳು ಕೊಡುವ ಆಜ್ಞೆಯನ್ನು ಬೆನ್ನುಹುರಿಯವರೆಗೆ ಒಯ್ಯುವ ನರಕೋಶಗಳು ಒಂದು ಬಗೆ. ಅಲ್ಲಿಂದ ಸ್ನಾಯುವಿಗೆ ಮುಟ್ಟಿಸುವವು ಇನ್ನೊಂದು ಬಗೆ. ಸಾಮಾನ್ಯವಾಗಿ ಮೋಟಾರ್ ನ್ಯೂರಾನ್ ರೋಗ ಎಂದಾಗ ವೈದ್ಯರ ಮನಸ್ಸಿಗೆ ಬರುವ ಎಎಲ್‌ಎಸ್‌ನಲ್ಲಿ ಎರಡೂ ಸಾಯುತ್ತವೆ. ಸ್ನಾಯು ಕರಗುತ್ತದೆ, ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟಕ್ಕೆ ಬರುತ್ತದೆ. ಕೇಸರಿ ಬೇಳೆ ಕೆಡಿಸುವುದು ಮುಖ್ಯವಾಗಿ ಮೊದಲ ಬಗೆಯ, ಅಂದರೆ ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ಮೇಲಿನ ನರಕೋಶಗಳನ್ನು, ಅದರಲ್ಲೂ ಕಾಲಿಗೆ ಹೋಗುವ ಉದ್ದನೆಯ ಎಳೆಗಳನ್ನು. ಅದಕ್ಕೇ ಬಿಗಿತ ಹೆಚ್ಚು, ಸ್ನಾಯು ಸವೆತ ಕಡಿಮೆ, ಪ್ರಾಣಕ್ಕೆ ಅಪಾಯವಿಲ್ಲ.

ಈ ವಿಷವನ್ನು ಗುರುತಿಸಿದ ಕೆಲಸದ ದೊಡ್ಡ ಭಾಗ ನಡೆದದ್ದು ಕೋಲಾರದಿಂದ ಎರಡು ಗಂಟೆಯ ಬಸ್ ದಾರಿಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ 1964ರಲ್ಲಿ ಕಾಳಿನಿಂದ ಒಂದು ಅಮೈನೋ ಆಮ್ಲವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ಪ್ರಕಟಿಸಿದರು. ಅದೇ ವರ್ಷ ದೆಹಲಿಯ ಇನ್ನೊಂದು ತಂಡವೂ ಅದೇ ವಸ್ತುವಿಗೆ ಬಂದು ಮುಟ್ಟಿತ್ತು. ಅದರ ಹೆಸರು ಉದ್ದ. ಬೀಟಾ ಓಡಾಪ್ ಎಂದು ಕರೆದರೆ ಸಾಕು. ಎಳೆಯ ಕೋಳಿಮರಿಗಳಿಗೆ ಅದನ್ನು ಚುಚ್ಚಿದರೆ ಕತ್ತು ತಿರುಚಿ ಸೆಟೆಯುತ್ತಿದ್ದವು. ಬೆಳೆದ ಪ್ರಾಣಿಗಳಿಗೆ ಏನೂ ಆಗುತ್ತಿರಲಿಲ್ಲ. ಇಷ್ಟು ಸರಳವಾದ ಅಣು ಮನುಷ್ಯನ ಕಾಲು ಕಟ್ಟುತ್ತದೆಂದು ತೋರಿಸುವುದು ಅದರಿಂದಾಗಿ ಕಷ್ಟವಾಯಿತು. 1986ರಲ್ಲಿ ಪೀಟರ್ ಸ್ಪೆನ್ಸರ್ ತಂಡ ಕೋತಿಗಳಲ್ಲಿ ಆ ರೋಗದ ಆರಂಭಿಕ ಚಿಹ್ನೆಗಳನ್ನು ತೋರಿಸಿದ ಮೇಲೆ ವಾದಕ್ಕೆ ಬಲ ಬಂತು.

ಓಡಾಪ್ ಮಾಡುವ ಕೆಲಸವೆಂದರೆ ವೇಷ ಹಾಕುವುದು. ನರಕೋಶಗಳು ಒಂದನ್ನೊಂದು ಎಬ್ಬಿಸಲು ಬಳಸುವ ಗ್ಲುಟಮೇಟ್ ಎಂಬ ಸಂದೇಶವಾಹಕದ ಹಾಗೆ ಅದು ಕಾಣುತ್ತದೆ, ಅದೇ ಗ್ರಾಹಕಕ್ಕೆ ಹೋಗಿ ಕೂರುತ್ತದೆ. ಬಾಗಿಲ ಕರೆಗಂಟೆಯ ಗುಂಡಿ ಒಳಗೇ ಸಿಕ್ಕಿಕೊಂಡಂತೆ ಕೋಶ ಬಿಡುವಿಲ್ಲದೆ ಉದ್ರೇಕಗೊಳ್ಳುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ, ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯ ಸೋಲುತ್ತದೆ, ಕೋಶ ಸಾಯುತ್ತದೆ. ಸಾಯುವ ಮುನ್ನ ಅದಕ್ಕೆ ರಕ್ಷಣೆ ಕೊಡಬಲ್ಲದ್ದು ಗ್ಲುಟಥಯೋನ್ ಎಂಬ ವಸ್ತು. ಅದನ್ನು ತಯಾರಿಸಲು ದೇಹಕ್ಕೆ ಗಂಧಕವಿರುವ ಅಮೈನೋ ಆಮ್ಲಗಳು, ಅಂದರೆ ಮೆಥಿಯೊನಿನ್ ಮತ್ತು ಸಿಸ್ಟೀನ್, ಬೇಕು. ಕೇಸರಿ ಬೇಳೆಯಲ್ಲಿ ಇವೇ ತೀರಾ ಕಡಿಮೆ. ಒಂದೇ ಕಾಳು ವಿಷವನ್ನೂ ಕೊಡುತ್ತದೆ, ಅದನ್ನು ಎದುರಿಸುವ ಸಾಮಗ್ರಿಯನ್ನೂ ಕೊಡದೆ ಉಳಿಸುತ್ತದೆ. ಇನ್ನೊಂದು ವಿಚಿತ್ರ: ಇದೇ ಅಣು ಚೀನೀ ವೈದ್ಯದಲ್ಲಿ ರಕ್ತಸ್ರಾವ ನಿಲ್ಲಿಸಲು ಬಳಸುವ ಒಂದು ಜಿನ್ಸೆಂಗ್ ಬೇರಿನಲ್ಲೂ ಇದೆ. ಅಲ್ಲಿ ಅದು ಔಷಧ, ಏಕೆಂದರೆ ಆ ಬೇರನ್ನು ಯಾರೂ ಮೂರು ಹೊತ್ತು ಉಣ್ಣುವುದಿಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. 1829ರಿಂದ ಮಧ್ಯ ಭಾರತದ ಸಾಗರ ಪ್ರಾಂತದಲ್ಲಿ ಸತತ ಮೂರು ವರ್ಷ ಗೋಧಿ ಹಾಳಾಗಿ ಕೇಸರಿ ಮಾತ್ರ ಉಳಿಯಿತು. 1833ರ ಹೊತ್ತಿಗೆ ಮೂವತ್ತರೊಳಗಿನ ತರುಣರು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳತೊಡಗಿದರು ಎಂದು ಬ್ರಿಟಿಷ್ ಅಧಿಕಾರಿ ಸ್ಲೀಮನ್ ಬರೆದಿಟ್ಟ. ಜರ್ಮನಿಯ ವ್ಯುರ್ಟೆಂಬರ್ಗ್‌ನ ದೊರೆ 1671ರಲ್ಲೇ ಈ ಹಿಟ್ಟಿನ ರೊಟ್ಟಿಯನ್ನು ನಿಷೇಧಿಸಿದ್ದ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಕಲಾಯಖಂಜ ಎಂಬ ಕುಂಟುರೋಗದ ವಿವರಣೆ ಇದೆ. ಮಧ್ಯಪ್ರದೇಶದ ರೀವಾ ಸೀಮೆಯಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಜೀತದಾಳುಗಳಿಗೆ ಕೂಲಿಯಾಗಿ ಅಳೆದು ಕೊಡುತ್ತಿದ್ದುದು ಕೇಸರಿ ಅಥವಾ ಕೇಸರಿ ಬೆರೆತ ಕಾಳು. ಜಮೀನ್ದಾರನ ಮನೆಯಲ್ಲಿ ಗೋಧಿ, ಜೀತದವನ ಮನೆಯಲ್ಲಿ ಕೇಸರಿ. ಕುಂಟರಾದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಎಲ್ಲಕ್ಕಿಂತ ಘೋರವಾದ ಪುರಾವೆ ಬಂದದ್ದು ಸೆರೆಯಿಂದ. ಎರಡನೇ ಮಹಾಯುದ್ಧದಲ್ಲಿ ರೊಮೇನಿಯದ ಆಡಳಿತದಲ್ಲಿದ್ದ, ಈಗ ಯುಕ್ರೇನಿಗೆ ಸೇರಿದ ವಾಪ್ನಿಯಾರ್ಕಾ ಶಿಬಿರದಲ್ಲಿ 1942ರಿಂದ ಯಹೂದಿ ಕೈದಿಗಳಿಗೆ ದಿನಕ್ಕೆ 400 ಗ್ರಾಂ ಕೇಸರಿ ಕಾಳು ಮತ್ತು 200 ಗ್ರಾಂ ಕಳಪೆ ರೊಟ್ಟಿ ಕೊಟ್ಟರು. ಕೆಲವೇ ತಿಂಗಳಲ್ಲಿ ನೂರಾರು ಜನರ ಕಾಲು ಬಿಗಿಯಿತು. ಕೈದಿಗಳಲ್ಲೇ ಒಬ್ಬನಾಗಿದ್ದ ವೈದ್ಯ ಆರ್ಥರ್ ಕೆಸ್ಲರ್ ರೋಗವನ್ನು ಗುರುತಿಸಿದ. ಕೈದಿಗಳು ಆ ಕಾಳನ್ನು ತಿನ್ನಲು ನಿರಾಕರಿಸಿದರು, ಆಹಾರ ಬದಲಾಯಿತು. ಆದರೆ ಕಾಲು ಕಳೆದುಕೊಂಡವರಿಗೆ ಅದು ಮರಳಿ ಬರಲಿಲ್ಲ.

ಆಫ್ರಿಕಾದಲ್ಲಿ ಇದೇ ಕಥೆಯನ್ನು ಇನ್ನೊಂದು ಗಿಡ ಹೇಳುತ್ತದೆ. ಕಹಿ ಮರಗೆಣಸಿನಲ್ಲಿ ಸಯನೈಡ್ ಬಿಡುವ ಲಿನಮರಿನ್ ಇರುತ್ತದೆ. ಗೆಡ್ಡೆಯನ್ನು ಮೂರು ನಾಲ್ಕು ದಿನ ನೀರಿನಲ್ಲಿ ನೆನೆಸಿ ಒಣಗಿಸಿದರೆ ಅದು ಹೋಗುತ್ತದೆ. ಬರದಲ್ಲಿ ಹಸಿವು ಕಾಯುವುದಿಲ್ಲ, ನೆನೆಹಾಕಲು ನೀರೂ ಇರುವುದಿಲ್ಲ. 1938ರಲ್ಲಿ ಕಾಂಗೋದಲ್ಲಿ ಟ್ರೋಲಿ ಎಂಬ ವೈದ್ಯ ವಿವರಿಸಿದ ಕೊಂಜೊ ರೋಗ 1981ರ ಬರದಲ್ಲಿ ಮೊಜಾಂಬಿಕ್‌ನ ನಂಪುಲಾ ಪ್ರಾಂತದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು, ಮುಖ್ಯವಾಗಿ ಹೆಂಗಸರು ಮತ್ತು ಮಕ್ಕಳನ್ನು, ಹಿಡಿಯಿತು. ಅಲ್ಲಿ ಆಗ ಜಿಲ್ಲಾ ವೈದ್ಯನಾಗಿದ್ದ ಹಾನ್ಸ್ ರೋಸ್ಲಿಂಗ್ ಇದರ ಅಧ್ಯಯನಕ್ಕೆ ವರ್ಷಗಳನ್ನೇ ಕೊಟ್ಟ. ಕೊಂಜೊ ಕೂಡ ಎರಡೂ ಕಾಲನ್ನು ಏಕಾಏಕಿ ಬಿಗಿಯುತ್ತದೆ, ಮತ್ತೆ ಸಡಿಲಿಸುವುದಿಲ್ಲ. ಅಲ್ಲೂ ಗಂಧಕದ ಅಮೈನೋ ಆಮ್ಲಗಳ ಕೊರತೆಯೇ ಮುಖ್ಯ ಕೊಂಡಿ, ಏಕೆಂದರೆ ದೇಹ ಸಯನೈಡನ್ನು ನಿರ್ವಿಷಗೊಳಿಸುವುದು ಗಂಧಕದಿಂದಲೇ. ಹಬ್ಬದ ಉಪವಾಸಕ್ಕೆ ನಾವು ತಿನ್ನುವ ಸಬ್ಬಕ್ಕಿಯೂ ಸೇಲಂ ಕಡೆಯ ಮರಗೆಣಸಿನದೇ ಎಂದು ಯಾರೂ ಹೆದರಬೇಕಿಲ್ಲ. ಅದು ಅರೆದು, ತೊಳೆದು ತೆಗೆದ ಪಿಷ್ಟ.

ಹಾಗಿದ್ದರೆ ನಮ್ಮ ತಟ್ಟೆಯ ಲೆಕ್ಕ ಏನು? ಒಬ್ಬ ವಯಸ್ಕ ದಿನಕ್ಕೆ 50 ಗ್ರಾಂ ಬೇಳೆ ತಿನ್ನುತ್ತಾನೆ, ಅದರಲ್ಲಿ ಹತ್ತನೇ ಒಂದು ಭಾಗ ಕೇಸರಿ ಬೆರೆತಿದೆ ಎಂದು ಹಿಡಿಯೋಣ. ಐದು ಗ್ರಾಂ ಆಯಿತು. ವಾಪ್ನಿಯಾರ್ಕಾದ ಕೈದಿ ತಿಂದದ್ದು ಇದರ ಎಂಬತ್ತು ಪಟ್ಟು. ದಿನದ ಆಹಾರದ ಮೂರನೇ ಒಂದು ಭಾಗದಷ್ಟು ಕೇಸರಿಯೇ ಆಗಿ, ಅದು ಎರಡು ಮೂರು ತಿಂಗಳು ಮುಂದುವರಿದಾಗ ಅಪಾಯ ಶುರುವಾಗುತ್ತದೆಂಬುದು ಸಾಮಾನ್ಯ ಅಂದಾಜು. ಜೊತೆಗೆ ಕೋಲಾರದವರ ಬೇಳೆ ಒಂಟಿಯಾಗಿ ಹೊಟ್ಟೆಗೆ ಹೋಗುವುದಿಲ್ಲ. ಮುದ್ದೆಯ ಜೊತೆ ಹೋಗುತ್ತದೆ. ಧಾನ್ಯಗಳ ಪೈಕಿ ರಾಗಿಯಲ್ಲಿ ಮೆಥಿಯೊನಿನ್ ಚೆನ್ನಾಗಿಯೇ ಇದೆ. ಇಥಿಯೋಪಿಯಾದ ಬರಗಾಲಗಳಲ್ಲಿ ನಡೆದ ಅಧ್ಯಯನಗಳು ಕೇಸರಿಗೆ ಏಕದಳ ಧಾನ್ಯ ಬೆರೆಸಿ ತಿಂದ ಮನೆಗಳಲ್ಲಿ ಕಾಲು ಉಳಿಯುವ ಸಂಭವ ಹೆಚ್ಚೆಂದು ತೋರಿಸಿವೆ. ಇಂದು ಬಸ್ಸಾರು, ನಾಳೆ ಹುರಳಿ, ಚಳಿಗಾಲದಲ್ಲಿ ಹಿತಕಿದ ಅವರೆ, ನಡುವೆ ಮಸ್ಸೊಪ್ಪು ಎಂದು ಸುತ್ತುವ ಊಟದಲ್ಲಿ ಓಡಾಪ್‌ಗೆ ಬೇಕಾದ ಏಕತಾನತೆ ಸಿಗುವುದು ಕಷ್ಟ. ಇದನ್ನು ಪೂರ್ವಜರ ಮಹಾಜ್ಞಾನ ಎಂದು ಕೊಂಡಾಡುವ ಅಗತ್ಯವಿಲ್ಲ. ಒಣಭೂಮಿಯಲ್ಲಿ ಅಕ್ಕಡಿ ಸಾಲು ಹಾಕಿದವನ ಮನೆಗೆ ನಾಲ್ಕಾರು ಕಾಳು ಬಂದವು, ಅಷ್ಟೇ.

ನನಗೆ ಆತಂಕವಿರುವುದು ಬೇರೆ ತಟ್ಟೆಗಳ ಬಗ್ಗೆ. ನರಸಾಪುರ, ವೇಮಗಲ್, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳ ಸುತ್ತ, ಇಟ್ಟಿಗೆ ಗೂಡು ಮತ್ತು ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಹೊರರಾಜ್ಯದ ಕಾರ್ಮಿಕರು ವಾಸಿಸುತ್ತಾರೆ. ಒಬ್ಬನೇ ಗುತ್ತಿಗೆದಾರ ಮೂಟೆಗಟ್ಟಲೆ ತಂದ ಒಂದೇ ಬೇಳೆಯನ್ನು ದಿನವೂ ಬೇಯಿಸುವ ಕಡೆ, ತರಕಾರಿ ಮೊಟ್ಟೆಗೆ ಕಾಸು ಉಳಿಯದ ಕಡೆ, ಕಲಬೆರಕೆಯ ಪರಿಣಾಮ ಮಧ್ಯಮವರ್ಗದ ಅಡುಗೆಮನೆಯಂತೆ ಇರುವುದಿಲ್ಲ. ಆಹಾರ ಸುರಕ್ಷತಾ ಅಧಿಕಾರಿ ಮಾದರಿ ಎತ್ತಬೇಕಾದದ್ದು ಮೊದಲು ಅಂಥ ಅಡುಗೆಮನೆಗಳಲ್ಲಿ. ಪೇಟೆಯ ಬೀದಿಯ ಹೊಳೆಯುವ ಅಂಗಡಿಯಲ್ಲಿ ಎತ್ತಿದ ಮಾದರಿ ಪತ್ರಿಕೆಯ ಫೋಟೋಗೆ ಅನುಕೂಲ.

ಕಾನೂನಿಗೆ ಬರೋಣ. 1961ರಿಂದ ದೇಶದಲ್ಲಿ ಕೇಸರಿ ಬೇಳೆಯ ಮಾರಾಟಕ್ಕೆ ನಿಷೇಧವಿದೆ. ಆಹಾರ ಸುರಕ್ಷತಾ ಕಾಯ್ದೆಯಡಿಯ 2011ರ ನಿಯಮಗಳಲ್ಲೂ ಅದು ಮುಂದುವರಿದಿದೆ. ನಿಷೇಧವಿರುವುದು ಮಾರಾಟಕ್ಕೆ, ಬೆಳೆಯುವುದಕ್ಕಲ್ಲ. ಬೆಳೆದದ್ದು ಎಲ್ಲೋ ಹೋಗಲೇಬೇಕು. ಕಡಲೆಬೇಳೆ, ತೊಗರಿಬೇಳೆ, ಕಡಲೆಹಿಟ್ಟಿನೊಳಗೆ ಸೇರಿಕೊಳ್ಳುವುದು ಹೀಗೆ. 2015ರ ಅಕ್ಟೋಬರಿನಲ್ಲಿ ತೊಗರಿ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರ ಆರಂಭದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು ನಿಷೇಧ ತೆಗೆಯಬಹುದೆಂದು ಶಿಫಾರಸು ಮಾಡಿದ ಸುದ್ದಿ ಬಂತು. ರತನ್, ಪ್ರತೀಕ್, ಮಹಾತಿವಡಾ ಎಂಬ ಹೊಸ ತಳಿಗಳಲ್ಲಿ ಓಡಾಪ್ ಶೇ 0.1ಕ್ಕಿಂತ ಕಡಿಮೆ ಎಂಬುದು ಮುಖ್ಯ ಆಧಾರ. ಬೇಳೆಯ ಬೆಲೆ ಏರಿದ ಬೆನ್ನಿಗೇ ವಿಷದ ಬಗ್ಗೆ ಧೈರ್ಯ ಹೆಚ್ಚಿದ್ದು ಕಾಕತಾಳೀಯವಿರಬಹುದು.

ನಿಷೇಧ ವಿಫಲವಾಗಿದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಓಡಾಪ್‌ನ ಬಹುಪಾಲು ಹೋಗುತ್ತದೆ. ಹೈದರಾಬಾದಿನ ಪೋಷಣಾ ವಿಜ್ಞಾನಿಗಳು ಇಂಥ ಸರಳ ವಿಧಾನವನ್ನು 1960ರ ದಶಕದಲ್ಲೇ ತಿಳಿಸಿದ್ದರು. ನಿಷಿದ್ಧ ವಸ್ತುವನ್ನು ಹೇಗೆ ಬೇಯಿಸಬೇಕೆಂದು ಸರ್ಕಾರ ಕಲಿಸಲು ಬರುವುದಿಲ್ಲ, ಹಾಗಾಗಿ ತಿನ್ನುವವರಿಗೆ ಆ ಜ್ಞಾನ ತಲುಪಲಿಲ್ಲ. ಆದರೂ ಕಡಿಮೆ ವಿಷದ ತಳಿಯ ಮೇಲೆ ಪೂರ್ತಿ ಭಾರ ಹಾಕುವುದನ್ನು ನಾನು ಒಪ್ಪುವುದಿಲ್ಲ. ಓಡಾಪ್ ತಳಿಗೆ ಅಂಟಿಕೊಂಡ ಸ್ಥಿರ ಸಂಖ್ಯೆಯಲ್ಲ. ಬರದ ಒತ್ತಡದಲ್ಲಿ, ಮಣ್ಣಿನಲ್ಲಿ ಸತು ಕಡಿಮೆಯಾದಾಗ ಅದು ಏರುತ್ತದೆ. ಅಂದರೆ ಜನ ಅದನ್ನೇ ನಂಬಿ ಬದುಕಬೇಕಾದ ವರ್ಷದಲ್ಲೇ ಕಾಳು ಹೆಚ್ಚು ವಿಷಕಾರಿ. ಹವಾಮಾನ ಬದಲಾವಣೆಗೆ ಒಗ್ಗುವ ಬೆಳೆ ಎಂದು ಇದನ್ನು ಒಣಜಿಲ್ಲೆಗಳಿಗೆ ತರುವ ಮಾತು ಬಂದರೆ ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನ ರೈತರು ಕೇಳಬೇಕಾದ ಪ್ರಶ್ನೆ ಸುಲಭ: ಹುರಳಿ ಮತ್ತು ಅಲಸಂದೆ ಮಾಡದ ಯಾವ ಕೆಲಸವನ್ನು ಇದು ಮಾಡುತ್ತದೆ?

ಗುರುತಿಸುವುದು ಹೇಗೆ ಎಂದರೆ, ಬೇಳೆ ಹರಡಿ ನೋಡಿದಾಗ ಕೇಸರಿ ಚೌಕಾಕಾರವಾಗಿ, ಒಂದು ಬದಿ ಓರೆಯಾಗಿ, ಅಂಚು ಚೂಪಾಗಿ ಕಾಣುತ್ತದೆ. ತೊಗರಿ, ಕಡಲೆ ದುಂಡು. ಕೆಂಪಗಿನ ಮಸೂರ ಬೇಳೆಯನ್ನು ಕೇಸರಿ ಎಂದು ತಿಳಿದು ಎಸೆಯುವವರಿದ್ದಾರೆ, ಅದು ನಿರುಪದ್ರವಿ. ಹಿಟ್ಟಾದ ಮೇಲೆ ಕಣ್ಣಿನಿಂದ ಏನೂ ತಿಳಿಯದು. ಆಮ್ಲ ಹಾಕಿದರೆ ಗುಲಾಬಿ ಬಣ್ಣ ಬರುವ ಪರೀಕ್ಷೆಯನ್ನು ಅನೇಕರು ಹೇಳುತ್ತಾರೆ, ಆದರೆ ಮೆಟಾನಿಲ್ ಹಳದಿ ಎಂಬ ನಿಷಿದ್ಧ ಬಣ್ಣವಿದ್ದರೂ ಗುಲಾಬಿಯೇ ಬರುತ್ತದೆ. ಅನುಮಾನವಿದ್ದರೆ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಈ ಹಕ್ಕಿನ ಬಗ್ಗೆ ಎಚ್ಚರಿಕೆಯ ಸಂದೇಶಗಳಲ್ಲಿ ಒಂದು ಸಾಲೂ ಇರುವುದಿಲ್ಲ.

ಇನ್ನು ಎಎಲ್‌ಎಸ್ ಬಂದವರ ಮನೆಯವರು ತಾವು ಬಡಿಸಿದ್ದೇ ಕಾರಣವಾಯಿತೇನೋ ಎಂದು ಕೊರಗುವುದುಂಟು. ಆಹಾರದ ಸಸ್ಯವಿಷಕ್ಕೂ ಎಎಲ್‌ಎಸ್‌ಗೂ ನಂಟು ಹುಡುಕಿದ ಅತಿ ಪ್ರಸಿದ್ಧ ಉದಾಹರಣೆ ಪೆಸಿಫಿಕ್‌ನ ಗುವಾಮ್ ದ್ವೀಪ. ಯುದ್ಧಾನಂತರ ಅಲ್ಲಿನ ಚಮೊರೊ ಜನರಲ್ಲಿ ಈ ಬಗೆಯ ರೋಗ ಜಗತ್ತಿನ ಇತರೆಡೆಗಿಂತ ಹತ್ತಾರು ಪಟ್ಟು ಹೆಚ್ಚಿತ್ತು. ಅವರು ತಿನ್ನುತ್ತಿದ್ದ ಸೈಕಸ್ ಬೀಜದ ಹಿಟ್ಟಿನಲ್ಲಿ 1967ರಲ್ಲಿ ಓಡಾಪ್‌ನ ಸೋದರಸಂಬಂಧಿಯಂಥ ಬಿಎಂಎಎ ಎಂಬ ಅಮೈನೋ ಆಮ್ಲ ಸಿಕ್ಕಿತು. ಅರ್ಧ ಶತಮಾನದ ವಾದದ ಬಳಿಕವೂ ಅದೇ ಕಾರಣವೆಂದು ಸಿದ್ಧವಾಗಿಲ್ಲ; ಈ ನಡುವೆ ರೋಗವೇ ಆ ದ್ವೀಪದಲ್ಲಿ ತಗ್ಗಿಹೋಯಿತು. ದಕ್ಷಿಣ ಭಾರತದಲ್ಲಿ ಎಳೆಯ ವಯಸ್ಸಿನಲ್ಲಿ ಬಂದು ಕಿವಿಯನ್ನೂ ಕೆಡಿಸುವ ಮದ್ರಾಸ್ ಮೋಟಾರ್ ನ್ಯೂರಾನ್ ರೋಗವನ್ನು 1970ರಿಂದ ವೈದ್ಯರು ದಾಖಲಿಸುತ್ತಿದ್ದಾರೆ; ನಿಮ್ಹಾನ್ಸ್‌ನಲ್ಲೂ ಅದರ ಅಧ್ಯಯನ ನಡೆದಿದೆ. ಅದನ್ನು ಯಾವ ಬೇಳೆಗೂ ಅಂಟಿಸಲು ಆಧಾರವಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಕಾಲು ಬಿಗಿದವನು ಆಸ್ಪತ್ರೆಗೆ ಬಂದಾಗ ಬೇಳೆಗಿಂತ ಮೊದಲು ನೋಡಬೇಕಾದವು ಬೇರೆ ಇವೆ. ಪಾವಗಡ, ಬಾಗೇಪಲ್ಲಿ, ಗುಡಿಬಂಡೆಯ ಆಳದ ಕೊಳವೆಬಾವಿಗಳ ಫ್ಲೋರೈಡ್ ಮೂಳೆಗೆ ಇಳಿದು, ವರ್ಷಗಳಲ್ಲಿ ಬೆನ್ನೆಲುಬು ದಪ್ಪಗಾಗಿ ಬೆನ್ನುಹುರಿಯನ್ನು ಅಮುಕಿದರೆ ನಡಿಗೆ ಹೀಗೆಯೇ ಸೆಟೆಯುತ್ತದೆ. ಕುತ್ತಿಗೆ, ಸೊಂಟ ಬಗ್ಗುವುದಿಲ್ಲ, ಜೋಮು ಇರುತ್ತದೆ, ಎಕ್ಸ್‌ರೇಯಲ್ಲಿ ಮೂಳೆ ಸುಣ್ಣ ಬಳಿದಷ್ಟು ಬೆಳ್ಳಗೆ ಕಾಣುತ್ತದೆ; ಕೇಸರಿಯ ರೋಗಿಯಲ್ಲಿ ಇವು ಯಾವುವೂ ಇಲ್ಲ. ಬೆನ್ನೆಲುಬಿನ ಕ್ಷಯವೂ ಕಾಲು ಕಟ್ಟುತ್ತದೆ, ಬಿ12 ಕೊರತೆಯೂ ಕಟ್ಟುತ್ತದೆ, ಮತ್ತು ಈ ಎರಡನ್ನೂ ಬೇಗ ಹಿಡಿದರೆ ಔಷಧವಿದೆ. ಕಳೆದ ಆರು ತಿಂಗಳಲ್ಲಿ ದಿನವೂ ಏನು ತಿಂದಿರಿ, ಎಲ್ಲಿಯ ನೀರು ಕುಡಿದಿರಿ ಎಂಬ ಎರಡು ಪ್ರಶ್ನೆಗಳನ್ನು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿಗೆ ಸೇರಿಸಲು ಹೊಸ ಯಂತ್ರ ಬೇಡ, ಅನುದಾನ ಬೇಡ. ಶೆಡ್ಡಿನಿಂದ ಬಂದ ಕಾರ್ಮಿಕನಿಗೆ ಅವನ ಭಾಷೆಯಲ್ಲಿ ಅದನ್ನು ಕೇಳಬಲ್ಲ ಒಬ್ಬರು ಅಲ್ಲಿ ಇರಬೇಕು.